ನಾಲ್ಕೂವರೆ ಸಾವಿರ ಪುಸ್ತಕ, ನಾಲ್ಕು ತಿಂಗಳು: ದಾವಣಗೆರೆಯ ಒಂದು ಗ್ರಂಥಾಲಯ ಸೇವೆಯ ಕುರಿತು

ಮಂಡಿಪೇಟೆಯಿಂದ ಹೆಚ್ಚು ದೂರವಿಲ್ಲದ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ, ವರ್ತಕ ಕುಟುಂಬಗಳು ಸೇರಿ ನಡೆಸಿಕೊಂಡು ಬಂದಿರುವ ಧರ್ಮಾರ್ಥ ವಾಚನಾಲಯವೊಂದಿದೆ. ಹತ್ತಿಗಿರಣಿಗಳ ಕಾಲದಲ್ಲಿ ಪತ್ರಿಕೆ ಓದುವ ಕೋಣೆಯಾಗಿ ಶುರುವಾದ ಇದಕ್ಕೆ, ಊರಿನ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗಲೆಲ್ಲ ಅವರ ಪುಸ್ತಕದ ಕಪಾಟುಗಳು ಬಂದು ಸೇರುತ್ತಾ ಹೋಗಿ, ಯಾರೂ ಯೋಜಿಸದೆಯೇ ಅದು ಗ್ರಂಥಾಲಯವಾಯಿತು. ಯಾವ ಪುಸ್ತಕ ಎಲ್ಲಿದೆ ಎಂಬುದು ನಲವತ್ತು ವರ್ಷ ಅಲ್ಲಿ ಕೆಲಸ ಮಾಡಿದ ಒಬ್ಬ ಅಜ್ಜಾರಿಗೆ ಗೊತ್ತಿತ್ತು. ಅವರಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಅವರು ಕಣ್ಣು ಮಂಜಾಗಿ ಹರಿಹರದಲ್ಲಿರುವ ಮಗನ ಮನೆಗೆ ಹೋದ ದಿನವೇ, ಪುಸ್ತಕಗಳೆಲ್ಲ ಇದ್ದಲ್ಲೇ ಇದ್ದರೂ, ಗ್ರಂಥಾಲಯ ಇಲ್ಲದಂತಾಯಿತು.

ಪುಸ್ತಕಗಳನ್ನು ವಿಂಗಡಿಸಿ ಪಟ್ಟಿ ಮಾಡಲು ಸಮಿತಿಯವರು ನನ್ನನ್ನು ಕರೆದದ್ದು ಆ ನಂತರ. ನಾನು ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಹತ್ತು ವರ್ಷಗಳ ಹಿಂದೆ ಕೇಳಿದ್ದರೆ ನಾನೇ ಏಣಿ ಹತ್ತಿ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಈಗ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಸಣ್ಣ ಅಕ್ಷರವೂ ಧೂಳೂ ಎರಡೂ ಆಗಿಬರುವುದಿಲ್ಲ. ಹಾಗಾಗಿ ಕೆಲಸವನ್ನು ಹೊರಗಿನವರಿಗೆ ಕೊಡುವುದೆಂದೂ, ನಾನು ಮೇಲ್ವಿಚಾರಣೆ ನೋಡಿಕೊಳ್ಳುವುದೆಂದೂ ತೀರ್ಮಾನವಾಯಿತು. ಮೂರು ಕಡೆಯಿಂದ ದರಪಟ್ಟಿ ತರಿಸಿದೆವು. ಒಂದು ಡಿಟಿಪಿ ಅಂಗಡಿಯವರು ಪುಸ್ತಕವೊಂದಕ್ಕೆ ಆರು ರೂಪಾಯಿಯಂತೆ ಎಕ್ಸೆಲ್ ಪಟ್ಟಿ ಮಾಡಿಕೊಡುವುದಾಗಿ ಬರೆದರು. ಬೆಂಗಳೂರಿನ ಒಂದು ಕಂಪನಿ ತನ್ನದೇ ತಂತ್ರಾಂಶವನ್ನು ಕೊಂಡರೆ ಮಾತ್ರ ಬರುವುದಾಗಿ ಹೇಳಿತು. ಮೂರನೆಯದು ನಮ್ಮ ಊರಿನದೇ: ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಇಬ್ಬರು, ಕೈಕೆಳಗೆ ಮೂವರು ಹುಡುಗರನ್ನಿಟ್ಟುಕೊಂಡು ಬಾಡಿಗೆ ಕೋಣೆಯೊಂದರಲ್ಲಿ ನಡೆಸುವ ಸಣ್ಣ ಸಂಸ್ಥೆ. ವರ್ಗೀಕರಣ, ಸೂಚೀಕರಣ (ಎಂದರೆ ಲೇಖಕ, ಶೀರ್ಷಿಕೆ, ವಿಷಯಗಳಿಂದ ಪುಸ್ತಕ ಹುಡುಕಲು ನೆರವಾಗುವ ‘ಸೂಚಿ’ ಎಂಬ ಪಟ್ಟಿ ಮಾಡುವುದು), ಬೆನ್ನಿನ ಚೀಟಿ, ಬಾರ್‌ಕೋಡ್ ಎಲ್ಲ ಸೇರಿ ಪುಸ್ತಕವೊಂದಕ್ಕೆ 24 ರೂಪಾಯಿ ಕೇಳಿದರು. ನಾಲ್ಕು ಪಟ್ಟು ಏಕೆ ಕೊಡಬೇಕೆಂದು ಅಧ್ಯಕ್ಷರು ಕೇಳಿದ್ದು ನ್ಯಾಯವೇ. ಈ ವಿಮರ್ಶೆ ಹೆಚ್ಚುಕಡಿಮೆ ಅವರ ಪ್ರಶ್ನೆಗೆ ಉತ್ತರ.

ಸಂಸ್ಥೆಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹೊಗಳಬೇಕಾದದ್ದು ಇರುವಷ್ಟೇ ದೂರಬೇಕಾದದ್ದೂ ಇದೆ. ಇನ್ನೂ ಕಾಲೂರುತ್ತಿರುವವರ ಹೊಟ್ಟೆಪಾಡಿನ ಮೇಲೆ ನನ್ನ ಸಿಟ್ಟು ಬೀಳುವುದು ಬೇಡ. ಇಂಥ ಸೇವೆಯನ್ನು ಯಾರಿಂದಲೇ ಪಡೆಯುವಾಗಲೂ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ತಿಳಿದರೆ ಸಾಕು.

ಮೊದಲ ವಾರ ಅವರು ಕಂಪ್ಯೂಟರನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ತಂಡದ ಹಿರಿಯಳಾದ ಹೆಣ್ಣುಮಗಳು, ಈ ಬರಹದಲ್ಲಿ ಅವಳನ್ನು ಗ್ರಂಥಪಾಲಕಿ ಎಂದೇ ಕರೆಯುತ್ತೇನೆ, ಮೊದಲು ಕೇಳಿದ್ದು ಪರಿಗ್ರಹಣ ಪುಸ್ತಕವನ್ನು. ಎಂದರೆ ಗ್ರಂಥಾಲಯಕ್ಕೆ ಬಂದ ಪ್ರತಿಯೊಂದು ಪುಸ್ತಕಕ್ಕೂ ಒಂದು ಸಂಖ್ಯೆ ಕೊಟ್ಟು, ಬಂದ ದಿನಾಂಕ, ಬೆಲೆ, ಮೂಲ ಬರೆದಿಡುವ ದಪ್ಪ ರಿಜಿಸ್ಟರನ್ನು. ನಮ್ಮಲ್ಲಿ ಅದು 1958ರಿಂದ ಇದೆ, ನೀಲಿ ಶಾಯಿಯಲ್ಲಿ, ನಾಲ್ಕೈದು ಕೈಬರಹಗಳಲ್ಲಿ. ಅದರಲ್ಲಿ 5,312 ಸಂಖ್ಯೆಗಳಿದ್ದವು. ಕಪಾಟುಗಳನ್ನೆಲ್ಲ ಖಾಲಿ ಮಾಡಿ ಎಣಿಸಿದಾಗ ಕೈಗೆ ಸಿಕ್ಕಿದ್ದು 4,468. ಇಲ್ಲದ 844 ಪುಸ್ತಕಗಳ ಪಟ್ಟಿಯನ್ನು ಸಮಿತಿಯ ಮುಂದಿಟ್ಟು, ಇವುಗಳನ್ನು ವಜಾ ಮಾಡುವುದೋ ಬಾಕಿ ಎಂದು ತೋರಿಸುವುದೋ ಲಿಖಿತವಾಗಿ ತಿಳಿಸಿ ಎಂದಳು. ಹಳೆಯ ಸಂಖ್ಯೆಗಳನ್ನು ಅಳಿಸಿ ಒಂದರಿಂದ ಹೊಸದಾಗಿ ಎಣಿಸಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತು, ನಮ್ಮ ಮುಜುಗರವೂ ತಪ್ಪುತ್ತಿತ್ತು. ಆದರೆ ಪರಿಗ್ರಹಣ ಸಂಖ್ಯೆ ಎಂದರೆ ಪುಸ್ತಕದ ಜನ್ಮದಾಖಲೆ, ಅದನ್ನು ಬದಲಿಸಬಾರದು. ಇದನ್ನು ನಾನು ಹೇಳುವ ಮೊದಲೇ ಅವಳು ಹೇಳಿದಾಗ, ಆರು ರೂಪಾಯಿಗೂ ಇಪ್ಪತ್ತನಾಲ್ಕು ರೂಪಾಯಿಗೂ ಇರುವ ಅಂತರದ ಮೊದಲ ಕಂತು ನನ್ನ ಲೆಕ್ಕದಲ್ಲಿ ಸಂದಾಯವಾಯಿತು.

ಎರಡನೆಯ ಕಂತು ವರ್ಗೀಕರಣದಲ್ಲಿ. ಗ್ರಂಥಾಲಯ ವಿಜ್ಞಾನ ಎಂಬ ಹೆಸರಿನಲ್ಲಿ ವಿಜ್ಞಾನ ಎಲ್ಲಿದೆ ಎಂದು ಕೇಳುವವರನ್ನು ನಾನು ಕೆಲಸದ ಉದ್ದಕ್ಕೂ ಕಂಡಿದ್ದೇನೆ. ಅವರಿಗೆ ಉತ್ತರ ಇರುವುದು ಇಲ್ಲಿಯೇ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿ ಜ್ಞಾನವನ್ನೆಲ್ಲ ಹತ್ತು ಮುಖ್ಯ ವರ್ಗಗಳಾಗಿ, ಪ್ರತಿಯೊಂದನ್ನೂ ಮತ್ತೆ ಹತ್ತಾಗಿ ಒಡೆಯುತ್ತಾ ಹೋಗುತ್ತದೆ. ಪದ್ಧತಿ ಹುಟ್ಟಿದ ಊರಿಗೆ ನಮ್ಮ ಭಾಷೆ ಬಲು ದೂರದ್ದು. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಮೂರಂಕಿಯ ಗಟ್ಟಿ ಮನೆ ಸಿಕ್ಕಿದರೆ, ಕನ್ನಡ ಸಾಹಿತ್ಯಕ್ಕೆ ಸಿಕ್ಕಿದ್ದು 894.814 ಎಂಬ ಓಣಿಯೊಳಗಿನ ಓಣಿ. ಅದರ ಮುಂದೆ ಕಾವ್ಯಕ್ಕೆ ಒಂದು, ನಾಟಕಕ್ಕೆ ಎರಡು, ಕಾದಂಬರಿ ಕಥೆಗಳಿಗೆ ಮೂರು ಎಂದು ಸೇರಿಸುತ್ತಾ ಹೋದರೆ, ಅರವತ್ತು ಪುಟದ ಕವನ ಸಂಕಲನದ ಬೆನ್ನಿಗಿಂತ ಅದರ ಸಂಖ್ಯೆಯೇ ಅಗಲವಾಗುತ್ತದೆ. ನಮ್ಮ ವಾಚನಾಲಯದಲ್ಲಿ ಐದರಲ್ಲಿ ಮೂರು ಪಾಲು ಕನ್ನಡ ಸಾಹಿತ್ಯವೇ. ಪುಸ್ತಕಗಳನ್ನು ಯಾಂತ್ರಿಕವಾಗಿ ವರ್ಗೀಕರಿಸಿದ್ದರೆ ಎರಡೂವರೆ ಸಾವಿರಕ್ಕೂ ಹೆಚ್ಚು ಪುಸ್ತಕಗಳ ಬೆನ್ನ ಮೇಲೆ ಒಂದೇ ಆರಂಕಿ ಮೆರವಣಿಗೆ ಹೊರಟಂತೆ ಕಾಣುತ್ತಿತ್ತು.

ಇದಕ್ಕೆ ದಾರಿಯನ್ನು ಡ್ಯೂಯಿ ಪದ್ಧತಿಯೇ ಬಿಟ್ಟಿದೆ: ಒಂದು ಗ್ರಂಥಾಲಯ ತನ್ನ ಭಾಷೆಯ ಸಾಹಿತ್ಯಕ್ಕೆ ಪ್ರಾಶಸ್ತ್ಯ ಕೊಡಬಯಸಿದರೆ ಸಂಖ್ಯೆಯ ಬದಲು ಅಕ್ಷರವನ್ನು ಬಳಸಿ ಮೊಟಕುಗೊಳಿಸಬಹುದು. ಗ್ರಂಥಪಾಲಕಿ ಈ ಅವಕಾಶವನ್ನು ಬಳಸಿಕೊಂಡು, ಬೆನ್ನಿನ ಚೀಟಿಯ ಮೇಲೆ 894.814ರ ಬದಲು ‘ಕ’ ಎಂಬ ಒಂದೇ ಅಕ್ಷರವನ್ನಿಟ್ಟಳು. ಈಗ ಕ1 ಎಂದರೆ ಕಾವ್ಯ, ಕ2 ನಾಟಕ, ಕ3 ಕಥೆ ಕಾದಂಬರಿ. ಕಂಪ್ಯೂಟರಿನ ದಾಖಲೆಯಲ್ಲಿ ಮಾತ್ರ ಪೂರ್ತಿ ಸಂಖ್ಯೆಯನ್ನು ಉಳಿಸಿಕೊಂಡಿದ್ದಾಳೆ. ನಾಳೆ ಯಾವುದಾದರೂ ದೊಡ್ಡ ಗ್ರಂಥಾಲಯದೊಂದಿಗೆ ಸೂಚಿಯನ್ನು ಸೇರಿಸಬೇಕಾದರೆ ತೊಂದರೆಯಿಲ್ಲ. ಸಂಜೆ ಬರುವ ಓದುಗರು ಎರಡೇ ವಾರದಲ್ಲಿ ‘ಕ ಮೂರರ ಸಾಲು’ ಎಂದು ಮಾತಾಡತೊಡಗಿದರು. ಓದುಗನ ಸಮಯ ಉಳಿಸಿ ಎಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ನಾನು ಅದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಇಷ್ಟು ಸಲೀಸಾಗಿ ಒಂದು ಚೀಟಿಯ ಮೇಲೆ ಕಂಡದ್ದು ಕಡಿಮೆ.

ರಂಗನಾಥನ್ನರ ಮಾತು ಬಂದಿತೆಂದು ಒಂದು ಸಣ್ಣ ವಿಷಯಾಂತರ. ಗಣಿತದ ಅಧ್ಯಾಪಕರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು; ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಒಂದು ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ಬಿಡಿಸಿ ನೋಡುವ ಆ ಪದ್ಧತಿ ನನ್ನ ಮಟ್ಟಿಗೆ ಈ ಶಾಸ್ತ್ರದ ಅತ್ಯಂತ ಸುಂದರವಾದ ಭಾಗ. ಇಲ್ಲಿ ಅದನ್ನೇಕೆ ಬಳಸಬಾರದು ಎಂದು ಆಸೆಯಿಂದ ಕೇಳಿದೆ. ‘ಸರ್, ಅದನ್ನ ನಾನು ಪರೀಕ್ಷೇಲಿ ಬರ್ದೀನಿ, ಶೆಲ್ಫಿನ ಮೇಲೆ ನೋಡಿಲ್ಲ’ ಎಂದು ನಕ್ಕಳು. ನಾನೂ ಸುಮ್ಮನಾದೆ.

ನಿಜವಾದ ಚರ್ಚೆ ಎದ್ದದ್ದು ವಚನಗಳ ಬಗ್ಗೆ. ತಂಡದ ಹುಡುಗರು ವಚನ ಸಂಪುಟಗಳಲ್ಲಿ ಅರ್ಧವನ್ನು ಸಾಹಿತ್ಯದ ಸಾಲಿಗೂ ಇನ್ನರ್ಧವನ್ನು 294ರ ಧರ್ಮದ ಸಾಲಿಗೂ ಹಾಕಿದ್ದರು. ಕೇಳಿದರೆ, ರಕ್ಷಾಪುಟದ ಮೇಲೆ ಇಷ್ಟಲಿಂಗದ ಚಿತ್ರವಿದ್ದದ್ದು ಧರ್ಮ, ಇಲ್ಲದ್ದು ಸಾಹಿತ್ಯ ಎಂದರು. ಅವರನ್ನು ಬೈಯುವುದು ಸುಲಭ. ಆದರೆ ವಚನ ಧರ್ಮವೋ ಸಾಹಿತ್ಯವೋ ಎಂಬುದನ್ನು ದಾವಣಗೆರೆಯಲ್ಲಿ ಸಭೆ ಕರೆದು ಕೇಳಿದರೆ ಅದು ಒಂದು ಸಂಜೆಗೆ ಮುಗಿಯುವ ಮಾತಲ್ಲ. ಗ್ರಂಥಪಾಲಕಿ ಆ ಪ್ರಶ್ನೆಯನ್ನೇ ಎತ್ತಲಿಲ್ಲ. ಈ ಪುಸ್ತಕಗಳನ್ನು ಇಲ್ಲಿ ಯಾರು, ಯಾತಕ್ಕಾಗಿ ಕೇಳುತ್ತಾರೆ ಎಂದು ಮೂರು ಸಂಜೆ ವಾಚನಾಲಯದಲ್ಲಿ ಕುಳಿತು ನೋಡಿದಳು. ದಿನವೂ ಒಂದೆರಡು ಪುಟ ಓದಲು ಬರುವ ಹಿರಿಯರೂ, ಪದವಿ ಪರೀಕ್ಷೆಗೆ ಓದುವ ಹುಡುಗಿಯರೂ ಕೇಳುವುದು ಒಂದೇ ಸಂಪುಟಗಳನ್ನು ಎಂದು ಕಂಡ ಮೇಲೆ, ಮೂಲ ವಚನಗಳೆಲ್ಲವನ್ನೂ ಕ1ರಲ್ಲಿ ಒಟ್ಟಿಗೆ ಇಟ್ಟು, ಸಿದ್ಧಾಂತದ ಮೇಲಿನ ವಿವೇಚನೆಗಳನ್ನು ಮಾತ್ರ ಧರ್ಮದ ಸಾಲಿಗೆ ಕಳಿಸಿ, ಎರಡೂ ಕಡೆ ‘ಇದನ್ನೂ ನೋಡಿ’ ಎಂಬ ಫಲಕ ಹಾಕಿಸಿದಳು. ಹಿರಿಯರೊಬ್ಬರು ಅದರ ಮೇಲೂ ಆಕ್ಷೇಪ ಎತ್ತಿದ್ದಾರೆ. ಅದು ಬೇರೆ ಮಾತು. ನಿರ್ಧಾರಕ್ಕೆ ಒಂದು ಕಾರಣವಿದೆ, ಆ ಕಾರಣವನ್ನು ಅವಳು ನಿಯಮಗಳ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ, ಮುಂದೆ ಬರುವ ಸಂಪುಟವೂ ಅದೇ ಜಾಗಕ್ಕೆ ಹೋಗುತ್ತದೆ. ವರ್ಗೀಕರಣದಲ್ಲಿ ಸರಿ ಉತ್ತರಕ್ಕಿಂತ ಒಂದೇ ಉತ್ತರ ಮುಖ್ಯವೆಂದು ನಮ್ಮ ಗುರುಗಳು ಹೇಳುತ್ತಿದ್ದರು.

ಸೂಚೀಕರಣದಲ್ಲಿ ಹೆಸರುಗಳ ಗೋಜಲು ಇನ್ನೊಂದು ತೂಕದ್ದು. ಪಾಶ್ಚಾತ್ಯ ನಿಯಮಗಳು ಹೆಸರಿನ ಕೊನೆಯಲ್ಲಿ ಮನೆತನದ ಹೆಸರಿರುತ್ತದೆ ಎಂದು ನಂಬಿ, ಅದನ್ನು ಮುಂದಕ್ಕೆ ತಂದು ಅಕಾರಾದಿಯಲ್ಲಿ ಜೋಡಿಸುತ್ತವೆ. ನಮ್ಮ ಕಡೆಯ ಹೆಸರುಗಳಲ್ಲಿ ಊರು ಮೊದಲು, ತಂದೆ ಆಮೇಲೆ, ತನ್ನ ಹೆಸರು ಕೊನೆಗೆ. ಚಿತ್ರದುರ್ಗ ಸೀಮೆಯ ಓದುಗರಿಗೆ ಮನೆಮಾತಾಗಿರುವ ತ.ರಾ.ಸು. ಅವರನ್ನೇ ತೆಗೆದುಕೊಳ್ಳಿ: ತ ಎಂದರೆ ಚಳ್ಳಕೆರೆ ತಾಲ್ಲೂಕಿನ ತಳುಕು, ರಾ ಎಂದರೆ ತಂದೆ ರಾಮಸ್ವಾಮಯ್ಯ, ಸು ಎಂದರೆ ಸುಬ್ಬರಾವ್. ಹಳೆಯ ಪುಸ್ತಕಗಳಲ್ಲಿ ಅವರು ತ.ರಾ. ಸುಬ್ಬರಾವ್, ಕೆಲವೆಡೆ ಟಿ.ಆರ್. ಸುಬ್ಬರಾವ್, ಮುಖಪುಟಗಳ ಮೇಲೆ ತರಾಸು. ನಿಯಮ ಹಿಡಿದು ಹೋದರೆ ಒಬ್ಬರೇ ಲೇಖಕರು ಸೂಚಿಯ ಮೂರು ಕಡೆ ಹರಿದು ಹಂಚಿಹೋಗುತ್ತಾರೆ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ, ಬಸವಣ್ಣ ಮತ್ತು ಬಸವೇಶ್ವರ ಎಲ್ಲವೂ ಇದೇ ಕಥೆ. ಇದಕ್ಕೆ ಗ್ರಂಥಾಲಯ ವಿಜ್ಞಾನದಲ್ಲಿ ಅಧಿಕೃತ ಹೆಸರುಗಳ ಕಡತ ಎಂಬ ಉಪಾಯವಿದೆ: ಒಂದು ರೂಪವನ್ನು ಆರಿಸಿ, ಉಳಿದ ರೂಪಗಳಿಂದ ಅಲ್ಲಿಗೆ ದಾರಿ ತೋರಿಸುವುದು. ತಂಡದವರು ಸುಮಾರು ನಾನೂರು ಲೇಖಕರಿಗೆ ಇದನ್ನು ಮಾಡಿದ್ದಾರೆ, ನಾಡಿನ ಓದುಗ ಯಾವ ಹೆಸರಿನಿಂದ ಕರೆಯುತ್ತಾನೋ ಅದೇ ಹೆಸರನ್ನು ಮುಖ್ಯವಾಗಿ ಇಟ್ಟುಕೊಂಡು. ನಾನು ಬೇಕೆಂದೇ ತಪ್ಪು ರೂಪಗಳಿಂದ ಹುಡುಕಿ ನೋಡಿದೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾದ ಕಡೆಗೇ ಕರೆದೊಯ್ಯಿತು.

ಊರುಗಳ ವಿಷಯದಲ್ಲಿ ನಾನೇ ಎಡವಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ನಮ್ಮ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯದು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು, ಮರಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೀಗಿರುವಾಗ ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟವನ್ನು, ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯದನ್ನು, ಯಾವ ಜಿಲ್ಲೆಯ ಹೆಸರಿನಡಿ ತೋರಿಸುವುದು? ಪುಸ್ತಕದ ಮೇಲೆ ಏನಿದೆಯೋ ಅದೇ ಸಾಕು ಎಂದು ನಾನು ಹೇಳಿದ್ದೆ. ಹಾಗೆ ಮಾಡಿದರೆ ದಾವಣಗೆರೆಯ ಇತಿಹಾಸ ಹುಡುಕುವ ವಿದ್ಯಾರ್ಥಿಗೆ 1997ಕ್ಕಿಂತ ಹಿಂದಿನದೇನೂ ಸಿಗುವುದೇ ಇಲ್ಲ ಎಂದು ಅವಳು ತೋರಿಸಿಕೊಟ್ಟಳು. ಈಗ ಅಂಥ ಪುಸ್ತಕಗಳಿಗೆಲ್ಲ ಎರಡೂ ಜಿಲ್ಲೆಗಳ ಶೀರ್ಷಿಕೆಯಿದೆ. ಕಪಾಟಿನಲ್ಲಿ ಪುಸ್ತಕ ಒಂದೇ ಕಡೆ ಇರಬಲ್ಲದು, ಸೂಚಿಯಲ್ಲಿ ಎಷ್ಟು ಕಡೆ ಬೇಕಾದರೂ ಇರಬಲ್ಲದು ಎಂಬ ಮೊದಲ ವರ್ಷದ ಪಾಠವನ್ನು ಶಿಷ್ಯೆಯ ವಯಸ್ಸಿನವಳಿಂದ ಕೇಳಿಸಿಕೊಳ್ಳಬೇಕಾಯಿತು.

ಇಷ್ಟು ಹೊಗಳಿದ ಮೇಲೆ, ಅದೇ ತಂಡ ಅದೇ ಸೂಚಿಯಲ್ಲಿ ಮಾಡಿದ ದೊಡ್ಡ ಪ್ರಮಾದವನ್ನೂ ಹೇಳಬೇಕು. ಪುಸ್ತಕದ ವಿವರಗಳನ್ನು ಪ್ರತಿಸಲವೂ ಹೊಸದಾಗಿ ಬೆರಳಚ್ಚು ಮಾಡುವ ಬದಲು ಬೇರೆ ಗ್ರಂಥಾಲಯದ ದಾಖಲೆಯನ್ನು ಅಂತರಜಾಲದಿಂದ ಇಳಿಸಿಕೊಳ್ಳುವುದು ಈ ವೃತ್ತಿಯಲ್ಲಿ ಒಪ್ಪಿತವಾದ ಕ್ರಮ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ತನ್ನ ದೆಹಲಿ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಸಂಗ್ರಹಿಸುತ್ತಾ ಬಂದಿರುವುದರಿಂದ, ನಮ್ಮಲ್ಲಿ ಮರೆತುಹೋದ ಕನ್ನಡ ಪುಸ್ತಕಕ್ಕೂ ಅಲ್ಲಿ ದಾಖಲೆ ಸಿಗುತ್ತದೆ. ಆದರೆ ಆ ಹಳೆಯ ದಾಖಲೆಗಳು ಇರುವುದು ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೆ ಕೆಳಗೆ ಗೆರೆ ಚುಕ್ಕೆಗಳೊಂದಿಗೆ. ಹುಡುಗರು ಬೇಗ ಮುಗಿಸುವ ಆತುರದಲ್ಲಿ ಆರುನೂರಕ್ಕೂ ಹೆಚ್ಚು ದಾಖಲೆಗಳನ್ನು ಹಾಗೆಯೇ ಇಳಿಸಿಬಿಟ್ಟಿದ್ದರು. ಕನ್ನಡದಲ್ಲಿ ಹುಡುಕುವವನಿಗೆ ಆ ಆರುನೂರು ಪುಸ್ತಕಗಳು ಕಣ್ಣಮುಂದಿನ ಕಪಾಟಿನಲ್ಲಿದ್ದೂ ಇಲ್ಲ. ನಾನು ಪರೀಕ್ಷೆಗೆಂದು ತೆಗೆಸಿದ ಮೊದಲ ಇಪ್ಪತ್ತು ದಾಖಲೆಗಳಲ್ಲಿ ಐದು ಇಂಥವೇ ಆಗಿದ್ದರಿಂದ ಸಿಕ್ಕಿಬಿದ್ದಿತು. ಎಲ್ಲವನ್ನೂ ಮತ್ತೆ ಕನ್ನಡದಲ್ಲಿ ಬರೆಸಿದೆವು. ಹೆಚ್ಚಿನ ಹಣ ಕೇಳಲಿಲ್ಲ ಎಂಬುದನ್ನೂ ದಾಖಲಿಸುತ್ತೇನೆ.

ಇದರ ಜೊತೆಗೆ ನಮ್ಮದೇ ಪಾಪವೂ ಒಂದಿತ್ತು. ಹಿಂದೊಮ್ಮೆ ಸಮಿತಿ ಅರ್ಧದಷ್ಟು ಪುಸ್ತಕಗಳ ಪಟ್ಟಿಯನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿತ್ತು. ಹೊಸ ವ್ಯವಸ್ಥೆಯಲ್ಲಿ ತೆರೆದರೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ತೆಗೆದಾಗ ಬಹುಪಾಲು ಸರಿಯಾಯಿತಾದರೂ ಅರ್ಕಾವೊತ್ತುಗಳು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹಾರಿದ್ದವು, ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಗಳು ಪದಗಳ ನಡುವೆ ಉಳಿದುಕೊಂಡಿದ್ದವು. ಪರದೆಯ ಮೇಲೆ ಎರಡು ಪದಗಳು ತದ್ರೂಪವಾಗಿ ಕಾಣುತ್ತವೆ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಇದನ್ನು ಪತ್ತೆಹಚ್ಚಿದ್ದು ತಂಡದ ಎರಡನೆಯ ಪಾಲುದಾರ, ಹೆಚ್ಚು ಮಾತಾಡದ ಒಬ್ಬ ಯುವಕ. ಎರಡು ರಾತ್ರಿ ಕುಳಿತು ಸರಿಪಡಿಸಿ, ಬಿಲ್ಲಿನಲ್ಲಿ ಅದಕ್ಕೆ ಒಂದು ಸಾಲನ್ನೂ ಸೇರಿಸಲಿಲ್ಲ.

ಸೂಚಿಯನ್ನೂ ಎರವಲಿನ ಲೆಕ್ಕವನ್ನೂ ನಡೆಸಲು ಅವರು ಹಾಕಿದ ತಂತ್ರಾಂಶ ಕೋಹಾ. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಸಮೂಹಕ್ಕಾಗಿ ಹುಟ್ಟಿದ ಇದು ಉಚಿತ. ಹೆಸರಿಗೆ ಮಾವೊರಿ ಭಾಷೆಯಲ್ಲಿ ಕೊಡುಗೆ ಎಂದೇ ಅರ್ಥ. ತಂತ್ರಾಂಶಕ್ಕೆಂದು ನಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳದೆ, ಸ್ಥಾಪನೆಗೆ ಇಷ್ಟು, ವಾರ್ಷಿಕ ನಿರ್ವಹಣೆಗೆ ಇಷ್ಟು ಎಂದು ಬಿಡಿಸಿ ಬರೆದಿದ್ದರು. ದತ್ತಾಂಶದ ಪೂರ್ತಿ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ನಮಗೇ ಕೊಟ್ಟಿದ್ದಾರೆ. ಒಟ್ಟು ಕೆಲಸಕ್ಕೆ 1,07,232 ರೂಪಾಯಿ, ಯಂತ್ರ ಸಾಮಗ್ರಿಗಳು ಬೇರೆ.

ಇನ್ನು ದೂರುಗಳು. ನಲವತ್ತೈದು ದಿನ ಎಂದವರು ನಾಲ್ಕು ತಿಂಗಳು ತೆಗೆದುಕೊಂಡರು. ನಡುವೆ ಆರು ವಾರ ತಂಡವೇ ನಾಪತ್ತೆ. ಕಾರಣ ನನಗೆ ಊಹಿಸಲು ಕಷ್ಟವಾಗಲಿಲ್ಲ: ಯಾವುದೋ ಕಾಲೇಜಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿತ್ತು. ವರ್ಷಗಟ್ಟಲೆ ಗ್ರಂಥಾಲಯದ ಕಡೆ ತಿರುಗಿ ನೋಡದ ಆಡಳಿತ ಮಂಡಳಿಗಳು ತಪಾಸಣೆಯ ದಿನಾಂಕ ಗೊತ್ತಾದೊಡನೆ ಎಲ್ಲ ಪುಸ್ತಕಗಳಿಗೂ ಬಾರ್‌ಕೋಡ್ ಹಚ್ಚಿಸಲು ಓಡುತ್ತವೆ, ಎರಡು ಪಟ್ಟು ಕೊಡುತ್ತವೆ. ಅಲ್ಲಿಗೆ ಹೋದದ್ದನ್ನು ನಾನು ತಪ್ಪೆನ್ನುವುದಿಲ್ಲ. ಒಂದು ಫೋನು ಮಾಡಿ ಹೇಳಬಹುದಿತ್ತು. ನೆಲದ ಮೇಲೆ ಹರಡಿದ ಪುಸ್ತಕಗಳ ನಡುವೆ ದಾರಿ ಮಾಡಿಕೊಂಡು ಓದುಗರು ಆರು ವಾರ ಓಡಾಡಿದರು.

ಅದಕ್ಕಿಂತ ನೋವಾದದ್ದು ಬೇರೆ. ನಮ್ಮ ಪುಸ್ತಕಗಳಲ್ಲಿ ಹೆಚ್ಚಿನವು ದಾನವಾಗಿ ಬಂದವು. ಶೀರ್ಷಿಕೆ ಪುಟದ ಮೇಲ್ಭಾಗದಲ್ಲಿ ಇಂಥವರ ನೆನಪಿಗೆ ಇಂಥವರು ಕೊಟ್ಟದ್ದು ಎಂದು ಮನೆಯವರು ಕೈಯಾರೆ ಬರೆದ ಸಾಲುಗಳಿವೆ. ಹುಡುಗರು ಬಾರ್‌ಕೋಡ್ ಚೀಟಿಯನ್ನು ಸರಿಯಾಗಿ ಆ ಸಾಲುಗಳ ಮೇಲೆಯೇ ಅಂಟಿಸಿದ್ದರು, ಎಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಲ್ಲಿ. ತಂದೆಯ ಪುಸ್ತಕಗಳನ್ನು ಕೊಟ್ಟ ಮಗನೊಬ್ಬರು ಬಂದು, ಪುಟ ತೆರೆದು, ಏನೂ ಹೇಳದೆ ಮುಚ್ಚಿಟ್ಟು ಹೋದರು. ಪುಸ್ತಕ ಯಾರ ಕೈಯಿಂದ ಬಂತೆಂಬುದನ್ನು ಬರೆಯಲೆಂದೇ, ಗ್ರಂಥಾಲಯಗಳು ಕಂಪ್ಯೂಟರಿನಲ್ಲಿ ಪುಸ್ತಕದ ವಿವರ ದಾಖಲಿಸಲು ಬಳಸುವ ಮಾರ್ಕ್ ನಮೂನೆಯಲ್ಲಿ 561 ಎಂಬ ಕಲಂ ಇದೆ. ಆ ಕಲಮನ್ನು ಖಾಲಿ ಬಿಟ್ಟು, ಇದ್ದ ಬರಹದ ಮೇಲೂ ಅಂಟು ಬಳಿದರೆ ಎರಡು ತಪ್ಪಾಯಿತು. ಹರಿದ ಪುಟಗಳಿಗೆ ಸೆಲ್ಲೋಟೇಪು ಹಚ್ಚಿದ್ದು ಮೂರನೆಯದು. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಪಟ್ಟಿ ಉದುರುತ್ತದೆ, ಕಲೆ ಉಳಿಯುತ್ತದೆ. ತೆಳು ಟಿಷ್ಯೂ ಕಾಗದ ಮತ್ತು ಗಂಜಿಯ ಅಂಟಿನಿಂದ ಮಾಡಬೇಕಾದ ಕೆಲಸವದು. ಗ್ರಂಥಪಾಲಕಿಗೆ ಇದು ಚೆನ್ನಾಗಿ ಗೊತ್ತು; ಅವಳ ಹುಡುಗರಿಗೆ ಗೊತ್ತಿರಲಿಲ್ಲ, ಅವಳು ಆ ದಿನ ಇರಲಿಲ್ಲ. ಈ ಸಂಸ್ಥೆಯ ಬಗ್ಗೆ ನನ್ನ ಅಭಿಪ್ರಾಯದ ತಿರುಳು ಇಲ್ಲಿದೆ: ಅವಳು ಎದುರಿಗಿದ್ದ ದಿನ ಗ್ರಂಥಾಲಯ ಸೇವೆ, ಇಲ್ಲದ ದಿನ ಡಿಟಿಪಿ ಅಂಗಡಿ.

ಬಾರ್‌ಕೋಡ್ ಓದುವ ಯಂತ್ರ ನಮಗೆ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ದಿನಕ್ಕೆ ಇಪ್ಪತ್ತು ಪುಸ್ತಕ ಎರವಲು ಹೋಗುವ ಕಡೆ ಚೀಟಿ ಮತ್ತು ಡಬ್ಬಿಯೇ ಸಾಕು. ಬೇಡವೆಂದು ಅವರು ಹೇಳಬಹುದಿತ್ತು. ಸಮಿತಿಯವರು ಆಸೆಪಟ್ಟರು, ಅವರು ಒದಗಿಸಿದರು. ಇದಕ್ಕೆ ತದ್ವಿರುದ್ಧವಾಗಿ, ನಾವು ಕೇಳದೇ ಇದ್ದ ಒಂದು ವಸ್ತುವೇ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿದೆ. ಪರದೆಯ ಮುಂದೆ ಕೂರಲು ಹಿಂಜರಿಯುವ ಹಿರಿಯ ಓದುಗರನ್ನು ನೋಡಿ, ಇಡೀ ಸೂಚಿಯನ್ನು ಲೇಖಕರ ಅಕಾರಾದಿಯಲ್ಲೊಂದು, ಶೀರ್ಷಿಕೆಯ ಅಕಾರಾದಿಯಲ್ಲೊಂದು ದಪ್ಪಕ್ಷರದ ಎರಡು ಸಂಪುಟಗಳಾಗಿ ಮುದ್ರಿಸಿ ರಟ್ಟು ಕಟ್ಟಿಸಿ ತಂದುಕೊಟ್ಟಳು. ಕಂಪ್ಯೂಟರಿನ ಮುಂದಿನ ಕುರ್ಚಿ ಬಹುತೇಕ ಖಾಲಿಯಿರುತ್ತದೆ. ಆ ಎರಡು ಸಂಪುಟಗಳ ಮೂಲೆಗಳು ಈಗಾಗಲೇ ಮಾಸಿವೆ.

ಕೆಲಸ ಮುಗಿದ ಮೇಲೆ ನಡೆಸುವವರು ಯಾರು ಎಂಬ ಪ್ರಶ್ನೆ ಬಂದಿತು. ಸಮಿತಿ ಪಿಯುಸಿ ಮುಗಿಸಿದ ಒಬ್ಬ ಹುಡುಗನನ್ನು ನೇಮಿಸಿತು. ಮೂರು ದಿನ ತರಬೇತಿ ಕೊಟ್ಟರು. ಕೊಡುವುದು, ಹಿಂದಕ್ಕೆ ಪಡೆಯುವುದು ಕಲಿತಿದ್ದಾನೆ, ಚುರುಕಾಗಿದ್ದಾನೆ. ಹೊಸ ಪುಸ್ತಕ ಬಂದರೆ ಮಾತ್ರ ಕ್ರಮಸಂಖ್ಯೆ ಹಾಕಿ ಮೂಲೆಯಲ್ಲಿ ಗುಡ್ಡೆ ಹಾಕುತ್ತಾನೆ. ತಂಡದವರು ಕೊನೆಯ ವರದಿಯಲ್ಲಿ, ವಾರ್ಷಿಕ ನಿರ್ವಹಣೆಯ ಕರಾರಿಗೆ ಹಾಕುವ ಹಣದಲ್ಲೇ ವಾರಕ್ಕೆ ಮೂರು ಸಂಜೆ ಬರುವಂತೆ ಗ್ರಂಥಾಲಯ ವಿಜ್ಞಾನದ ಪದವಿ (ಬಿ.ಲಿಬ್.) ಆದವರೊಬ್ಬರನ್ನು ಇಟ್ಟುಕೊಳ್ಳುವುದು ಮೇಲು ಎಂದು ಬರೆದಿದ್ದಾರೆ. ತಮ್ಮ ಆದಾಯಕ್ಕೆ ತಾವೇ ಕತ್ತರಿ ಹಾಕಿಕೊಳ್ಳುವ ಸಲಹೆಯನ್ನು ಸೇವೆ ಮಾರುವವರಿಂದ ನಾನು ಇದೇ ಮೊದಲು ಕಂಡದ್ದು. ಅಧ್ಯಕ್ಷರು, ‘ಅಲ್ಲ ಮೇಷ್ಟ್ರೇ, ಎಲ್ಲಾ ಕಂಪ್ಯೂಟರಿಗೆ ಹಾಕ್ಸಿದ್ಮೇಲೂ ಮನುಷ್ಯ ಬೇಕಾ?’ ಎಂದು ಕೇಳಿದರು.

ಅವಳನ್ನು ಒಮ್ಮೆ ಕೇಳಿದೆ, ‘ಏನಮ್ಮಾ, ಎಲ್ಲಾದರೂ ಕಾಯಂ ಕೆಲಸ ನೋಡಬಾರದಿತ್ತೇ?’ ಎಂದು. ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ವಿಭಾಗದಲ್ಲಿ ಓದಿದವಳು. ಜೊತೆಗೆ ಓದಿದವರಲ್ಲಿ ಕೆಲವರು ಕಾಲೇಜುಗಳಲ್ಲಿ ವರ್ಷವರ್ಷದ ಗುತ್ತಿಗೆಯ ಮೇಲಿದ್ದಾರೆ, ಇಬ್ಬರು ಬೆಂಗಳೂರಿನ ಕಂಪನಿಗಳಲ್ಲಿ ದಾಖಲೆ ನಿರ್ವಹಣೆಗೆ ಸೇರಿದ್ದಾರೆ, ಒಬ್ಬಳು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಾಳೆ ಎಂದಳು. ‘ಹುದ್ದೆ ಕರೆದಾಗ ಅರ್ಜಿ ಹಾಕ್ತೀನಿ ಸರ್. ಅಲ್ಲೀತನಕ ಕಲ್ತಿದ್ದು ಮರ್ತೋಗಬಾರ್ದಲ್ಲ.’ ನಾನು ನಿವೃತ್ತನಾದ ಕಾಲೇಜಿನಲ್ಲಿ ನನ್ನ ಕುರ್ಚಿ ಇನ್ನೂ ಖಾಲಿಯಿದೆ. ಬೀಗದ ಕೈ ದೈಹಿಕ ಶಿಕ್ಷಣದವರ ಬಳಿ ಇರುತ್ತದೆ. ಅವಳಿಗೆ ಇದನ್ನು ಹೇಳಲಿಲ್ಲ. ಸಾರ್ವಜನಿಕ ಗ್ರಂಥಾಲಯಗಳಿಗೆಂದು 1965ರ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರ ಸೆಸ್ಸನ್ನು ನಾವೆಲ್ಲ ಕೊಡುತ್ತೇವೆ. ಆದರೆ ನಮ್ಮಂಥ ಖಾಸಗಿ ವಾಚನಾಲಯಗಳು ಆ ಲೆಕ್ಕದ ಹೊರಗಿನವು, ಇಂಥ ಹುಡುಗಿಯರ ನೆರವೇ ನಮಗೆ ಗತಿ.

ಒಂದು ಸಾವಿರಕ್ಕಿಂತ ಕಡಿಮೆ ಪುಸ್ತಕಗಳಿರುವ ಮನೆಯವರಿಗೆ ಈ ಸೇವೆಯ ಅಗತ್ಯವಿಲ್ಲ. ಒಂದು ನೋಟುಪುಸ್ತಕ, ಎರಡು ಭಾನುವಾರ ಸಾಕು. ಮಠ, ಹಾಸ್ಟೆಲು, ಸಂಘಗಳ ಗ್ರಂಥಾಲಯಗಳಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ಕರಾರನ್ನು ಕಾಗದದ ಮೇಲೆ ಬರೆಸಿಕೊಳ್ಳುವುದಾದರೆ. ಹಿರಿಯ ಗ್ರಂಥಪಾಲಕಿ ವಾರದಲ್ಲಿ ಕನಿಷ್ಠ ಎಷ್ಟು ದಿನ ಸ್ಥಳದಲ್ಲಿರುತ್ತಾಳೆ ಎಂಬುದು ಅದರ ಮೊದಲ ಸಾಲಾಗಿರಲಿ. ಪ್ರತಿ ಐನೂರು ಪುಸ್ತಕಗಳಿಗೊಮ್ಮೆ ತಪಾಸಣೆ, ಅದು ಒಪ್ಪಿಗೆಯಾದ ಮೇಲೆಯೇ ಹಣ. ಚೀಟಿ ಅಂಟಿಸುವ ಜಾಗವನ್ನು ಒಂದು ಪುಸ್ತಕದಲ್ಲಿ ತೋರಿಸಿ ಸಹಿ ಹಾಕಿಸಿ. ಮುಚ್ಚಿಹೋದ ಬರಹಗಳ ಮೇಲಿನ ಚೀಟಿಗಳನ್ನು ಅವಳೇ ಬಂದು ಒಂದೊಂದಾಗಿ ಬಿಡಿಸುತ್ತಿದ್ದಾಳೆ. ಎಪ್ಪತ್ತರಲ್ಲಿ ನಲವತ್ತು ಆಗಿವೆ, ಮೂರರಲ್ಲಿ ಶಾಯಿ ಚೀಟಿಯ ಜೊತೆಗೇ ಎದ್ದುಬಂತು. ಮುಂದಿನ ತಿಂಗಳು ಹೊಲಿಗೆ ಬಿಟ್ಟ ಅರವತ್ತು ಪುಸ್ತಕಗಳನ್ನು ಅದೇ ತಂಡಕ್ಕೆ ಕೊಡಲಿದ್ದೇವೆ. ಸೆಲ್ಲೋಟೇಪನ್ನು ಕಟ್ಟಡದೊಳಕ್ಕೇ ತರಕೂಡದೆಂದು ಈ ಸಲ ಕರಾರಿನಲ್ಲಿ ಬರೆಸಿದ್ದೇನೆ.